ನಾಲಿಗೆಯ ಋಣ



ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಪತ್ರ ಬರೆದಾಗ ಮೊದಲು ನನಗೆ ಸಂಕೋಚವಾಯಿತು. ನಾನು ಹೆಸರು ಗಳಿಸಿದವಳಲ್ಲ; ಪರದೇಶದ ಆಸ್ಪತ್ರೆಯೊಂದರಲ್ಲಿ ಅನೇಕ ವರ್ಷ ದಾದಿಯ ಕೆಲಸ ಮಾಡಿ ಹಿಂದಿರುಗಿದವಳು ಅಷ್ಟೇ. ಆದರೆ ಅಲ್ಲಿ ನಾನು ಮಾಡಿದ ಒಂದು ತಪ್ಪೂ, ಆ ತಪ್ಪನ್ನು ನನಗೆ ಕಾಣಿಸಿಕೊಟ್ಟ ಸಹೋದ್ಯೋಗಿನಿಯೊಬ್ಬಳ ನೆನಪೂ ಈ ಹೊತ್ತಿನವರೆಗೆ ನನ್ನನ್ನು ಬಿಟ್ಟಿಲ್ಲ. ನಮ್ಮ ಶಾಲೆಯ ಹೆಣ್ಣುಮಕ್ಕಳು ಈಗ ದೇಶದೇಶಗಳಿಗೆ ಉದ್ಯೋಗಾರ್ಥವಾಗಿ ಹೋಗುತ್ತಿರುವುದರಿಂದ ಅದನ್ನೇ ಬಿನ್ನವಿಸುವುದು ಉಚಿತವೆಂದು ತೋರಿತು.

ನಾನು ಸೇವೆಯಲ್ಲಿದ್ದುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೈಕಿ ಟೆಕ್ಸಾಸಿನ ಒಂದು ನಗರದಲ್ಲಿ, ಹೆರಿಗೆಯ ವಾರ್ಡಿನಲ್ಲಿ. ಹೇಳಲಿರುವ ಸಂಗತಿಯು 1990ರ ದಶಕದ ಕೊನೆಗೆ ನಡೆದದ್ದು. ಅಲ್ಲಿಗೆ ಹೋಗುವ ತನಕ ಅಮೆರಿಕಾ ಎಂದರೆ ಇಂಗ್ಲಿಷಿನ ದೇಶವೆಂದೇ ನಾನು ತಿಳಿದಿದ್ದೆನು. ಮೊದಲನೆಯ ವಾರದಲ್ಲಿಯೇ ಆ ತಿಳಿವಳಿಕೆ ಹುಸಿಯಾಯಿತು. ನಮ್ಮ ವಾರ್ಡಿನ ಬಾಣಂತಿಯರಲ್ಲಿ ಅರ್ಧದಷ್ಟು ಮಂದಿ ಸ್ಪ್ಯಾನಿಷ್ ಮಾತನಾಡುವವರು. ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ, ಮಧ್ಯ ಅಮೆರಿಕಾ, ದಕ್ಷಿಣ ಅಮೆರಿಕಾಗಳ ಮೂಲದವರಾದ ಈ ಜನರನ್ನು ಅಲ್ಲಿ ಲ್ಯಾಟಿನೋ ಎಂದು ಕರೆಯುವರು. ಅವರೆಲ್ಲರದು ಒಂದೇ ಬಣ್ಣವಲ್ಲ, ಒಂದೇ ಕುಲವಲ್ಲ. ಒಬ್ಬರ ಮನೆಯ ಅಡಿಗೆ ಮತ್ತೊಬ್ಬರಿಗೆ ಹೊಸದು. ಮೂರನೆಯ ತಲೆಮಾರಿನವರಲ್ಲಿ ಅನೇಕರಿಗೆ ಸ್ಪ್ಯಾನಿಷ್ ಬಾರದು. 2020ರ ಜನಗಣತಿಯಂತೆ ಆ ರಾಷ್ಟ್ರದಲ್ಲಿ ಅವರ ಸಂಖ್ಯೆ ಸುಮಾರು 6 ಕೋಟಿ 21 ಲಕ್ಷ, ಅಂದರೆ ನೂರಕ್ಕೆ 19ರ ಸಮೀಪ. ಟೆಕ್ಸಾಸಿನಲ್ಲಾದರೆ ನೂರಕ್ಕೆ 39. ಆದರೆ ದಾದಿಯರಲ್ಲಿ ಅವರ ಪಾಲು ಜನಸಂಖ್ಯೆಯ ಪಾಲಿಗಿಂತ ಬಹಳ ಕಡಿಮೆ.

ಅವರೆಲ್ಲರೂ ನಿನ್ನೆ ಮೊನ್ನೆ ಬಂದವರೆಂದು ತಿಳಿಯಬಾರದು. 1836ರ ವರೆಗೆ ಟೆಕ್ಸಾಸ್ ಮೆಕ್ಸಿಕೊ ದೇಶಕ್ಕೆ ಸೇರಿತ್ತು. 1845ರಲ್ಲಿ ಅದು ಸಂಯುಕ್ತ ಸಂಸ್ಥಾನಗಳನ್ನು ಸೇರಿತು. ಬಳಿಕ ನಡೆದ ಯುದ್ಧವು 1848ರ ಒಪ್ಪಂದದಿಂದ ಮುಗಿದು ರಿಯೋ ಗ್ರಾಂಡೆ ನದಿಯು ಗಡಿಯಾಯಿತು. ಹೀಗಾಗಿ ಕೆಲವು ಕುಟುಂಬಗಳು ತಮ್ಮ ಹೊಲಮನೆಗಳಲ್ಲಿ ಕುಳಿತಿದ್ದಂತೆಯೇ ಗಡಿಯು ಅವರನ್ನು ದಾಟಿ ಮುಂದೆ ಹೋಯಿತು. ನಾನು ಹೇಳಹೊರಟಿರುವ ಸೋದರಿಯು ಅಂತಹ ಮನೆತನಗಳಲ್ಲೊಂದರಲ್ಲಿ ಹುಟ್ಟಿದವಳು. ಅವಳಿಗೆ ಗುರುತು ಹತ್ತಬಾರದೆಂದು ಹೆಸರನ್ನು ಬರೆಯುವುದಿಲ್ಲ. ಅದು ಅವಳ ಅಜ್ಜಿಯ ಹೆಸರು. ನಾಲ್ಕು ಅಕ್ಷರಗಳ, ಕೇಳಲು ಇಂಪಾದ ಹೆಸರು. ವಾರ್ಡಿನವರು ಅದನ್ನು ಮುರಿದು ಇಂಗ್ಲಿಷಿನ ಒಂದು ಗಿಡ್ಡ ಹೆಸರನ್ನಾಗಿ ಮಾಡಿದ್ದರು. ಸ್ಪ್ಯಾನಿಷ್ ಜನರ ಪದ್ಧತಿಯಂತೆ ತಂದೆಯ ಮನೆತನದ ಹೆಸರನ್ನೂ ತಾಯಿಯ ಮನೆತನದ ಹೆಸರನ್ನೂ ಕೂಡಿಸಿ ಅವಳು ಸಹಿ ಮಾಡುತ್ತಿದ್ದಳು. ಎದೆಯ ಮೇಲಣ ಬಿಲ್ಲೆಯಲ್ಲಿ ಮಾತ್ರ ತಾಯಿಯ ಹೆಸರಿಗೆ ಸ್ಥಳವಿಲ್ಲವೆಂದು ಕಚೇರಿಯವರು ಬಿಟ್ಟಿದ್ದರು.

ಅವಳ ಹೆಸರನ್ನು ಬೇರೆಯವರು ಮುರಿದರು. ನನ್ನ ಹೆಸರನ್ನು ನಾನೇ ಮುರಿದುಕೊಂಡಿದ್ದೆನು. ಊರಿನಿಂದ ತಾಯಿಯ ದೂರವಾಣಿ ಬಂದರೆ ಮೆಟ್ಟಿಲ ಕೆಳಗೆ ಹೋಗಿ ಪಿಸುಮಾತಿನಲ್ಲಿ ಕನ್ನಡವಾಡುತ್ತಿದ್ದೆನು. ಮಧ್ಯಾಹ್ನದ ಊಟಕ್ಕೆ ಚಟ್ನಿಪುಡಿ ಕಟ್ಟಿಕೊಂಡು ಹೋಗುವುದನ್ನು ಮೊದಲ ತಿಂಗಳಲ್ಲಿಯೇ ನಿಲ್ಲಿಸಿದೆನು. ಇದನ್ನು ನಾನು ಜಾಣತನವೆಂದೇ ಎಣಿಸಿದ್ದೆನು. ನಾನು ಓದಿದ್ದು ಎಂತಹ ಶಾಲೆಯಲ್ಲಿ! ಸಮುದ್ರದಾಚೆಯಿಂದ ಬಂದ ಮಿಶನರಿಗಳು ನಮ್ಮ ನುಡಿಯನ್ನು ಕಲಿತು, ಅದರಲ್ಲಿಯೇ ಬೋಧಿಸಿ, ಅದಕ್ಕಾಗಿ ಆಯುಷ್ಯವನ್ನು ಸವೆಸಿದ ಕಥೆಯನ್ನು ಬಾಲ್ಯದಿಂದ ಕೇಳಿದವರು ನಾವು. ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತೆಂಬುದನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಪರದೇಶಿಯೊಬ್ಬನು ಅಷ್ಟು ಗೌರವದಿಂದ ಕೂಡಿಹಾಕಿದ ಮಾತುಗಳನ್ನು ನಾನು ಮೆಟ್ಟಿಲ ಕೆಳಗೆ ಬಚ್ಚಿಡುತ್ತಿದ್ದೆನು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಒಂದು ಸಂಜೆ ಆ ಸೋದರಿಯೂ, ಮತ್ತೊಬ್ಬ ಲ್ಯಾಟಿನಾ ದಾದಿಯೂ, ನೆಲ ಒರೆಸುವ ಮುದುಕಿಯೂ ದಾದಿಯರ ಮೇಜಿನ ಬಳಿ ನಿಂತು ಸ್ಪ್ಯಾನಿಷಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಹತ್ತಿರ ಬಂದೊಡನೆ ನಗು ನಿಂತಿತು. ಅವರು ನನ್ನನ್ನೇ ಕುರಿತು ನಕ್ಕರೆಂದು ನನ್ನ ಮನಸ್ಸು ಹೇಳಿತು. ಮರುದಿನ ಮೇಲ್ವಿಚಾರಕಿಯು ನನ್ನನ್ನು ಕರೆದು, “ಇವರ ಮಾತಿನಿಂದ ನಿಮಗೇನಾದರೂ ತೊಂದರೆಯಿದೆಯೆ?” ಎಂದು ಕೇಳಿದಳು. ಬೇರೆ ಒಬ್ಬಿಬ್ಬರು ಆಗಲೇ ದೂರಿದ್ದರೆಂದು ತೋರುತ್ತದೆ. “ಎಲ್ಲರೂ ಇಂಗ್ಲಿಷಿನಲ್ಲಿಯೇ ಮಾತನಾಡಿದರೆ ಒಳ್ಳೆಯದು” ಎಂದು ನಾನು ಹೇಳಿದೆನು. ನಾನೂ ಪರದೇಶದವಳೇ ಆದುದರಿಂದ ನನ್ನ ಮಾತಿಗೆ ಹೆಚ್ಚಿನ ಬೆಲೆ ಬಂದಿತು. ಆ ವಾರವೇ ವಾರ್ಡಿನೊಳಗೆ ನೌಕರರು ಇಂಗ್ಲಿಷನ್ನುಳಿದು ಬೇರೆ ಭಾಷೆಯನ್ನಾಡಕೂಡದೆಂಬ ಕಟ್ಟಳೆಯು ಬಾಯಿಮಾತಿನಿಂದ ಜಾರಿಯಾಯಿತು.

ಇಂತಹ ಕಟ್ಟಳೆಗಳು ಆ ದೇಶದಲ್ಲಿ ಹೊಸವಲ್ಲ. ಟೆಕ್ಸಾಸಿನ ಬ್ರೌನ್ಸ್‌ವಿಲ್ ಎಂಬ ಗಡಿಯೂರಿನ ಮರದಂಗಡಿಯೊಂದರಲ್ಲಿ ಸ್ಪ್ಯಾನಿಷ್ ಆಡಿದನೆಂದು 1975ರಲ್ಲಿ ಒಬ್ಬ ನೌಕರನನ್ನು ಕೆಲಸದಿಂದ ತೆಗೆದರು. 1964ರ ಪೌರಹಕ್ಕುಗಳ ಶಾಸನವು ರಾಷ್ಟ್ರಮೂಲದ ಕಾರಣದಿಂದ ನೌಕರರಲ್ಲಿ ಭೇದವೆಣಿಸುವುದನ್ನು ನಿಷೇಧಿಸಿದ್ದರಿಂದ ಅವನು ನ್ಯಾಯಾಲಯಕ್ಕೆ ಹೋದನು. ಎರಡು ಭಾಷೆ ಬಲ್ಲವನು ಇಂಗ್ಲಿಷನ್ನೇ ಆರಿಸಿಕೊಳ್ಳಬಹುದಾಗಿತ್ತೆಂದು ಹೇಳಿ ಮೇಲ್ಮನವಿಯ ನ್ಯಾಯಾಲಯವು 1980ರಲ್ಲಿ ಅವನ ವಿರುದ್ಧ ತೀರ್ಪಿತ್ತಿತು. ಅದೇ ವರ್ಷ ಉದ್ಯೋಗದ ಸಮಾನಾವಕಾಶಕ್ಕಾಗಿ ನೇಮಿತವಾದ ಸರಕಾರದ ಆಯೋಗವು, ಎಲ್ಲ ವೇಳೆಯಲ್ಲಿಯೂ ಇಂಗ್ಲಿಷನ್ನೇ ಆಡಬೇಕೆಂಬ ಕಟ್ಟಳೆಯನ್ನು ಭೇದವೆಂದೇ ಎಣಿಸತಕ್ಕದ್ದೆಂದೂ, ಕೆಲಸದ ಅಗತ್ಯವಿದ್ದ ವೇಳೆಗೆ ಮಾತ್ರ, ಅದೂ ನೌಕರರಿಗೆ ಮೊದಲೇ ತಿಳಿಸಿ, ಹಾಗೆ ವಿಧಿಸಬಹುದೆಂದೂ ಸೂಚನೆ ಹೊರಡಿಸಿತು. ನ್ಯಾಯಪಂಡಿತರಲ್ಲಿಯೇ ಹೀಗೆ ಎರಡು ಮತಗಳಿದ್ದವು. ಇದೆಲ್ಲವೂ ನನಗೆ ತಿಳಿದದ್ದು ಬಹಳ ತಡವಾಗಿ. ಆಗ ತಿಳಿದದ್ದು ಒಂದೇ: ವಾರ್ಡು ಮೌನವಾಯಿತು.

ಆ ಮೌನದಲ್ಲಿ ಏನೇನು ಕಳೆದುಹೋಯಿತೆಂಬುದು ಮೆಲ್ಲಮೆಲ್ಲನೆ ಕಾಣತೊಡಗಿತು. ಸ್ಪ್ಯಾನಿಷಿನಲ್ಲಿ ನಮ್ಮ ಕನ್ನಡದಂತೆಯೇ ‘ನೀನು’ ‘ನೀವು’ ಎಂಬ ಭೇದವಿದೆ. ಸಲಿಗೆಯವರಿಗೆ ‘ತೂ’, ಗೌರವಕ್ಕೆ ‘ಉಸ್ತೇದ್’. ಆ ಸೋದರಿಯು ವಾರ್ಡಿಗೆ ಬಂದ ಅಜ್ಜಿಯರನ್ನು ಹೆಸರಿನ ಹಿಂದೆ ‘ದೋನ್ಯಾ’ ಎಂಬ ಗೌರವದ ಮಾತನ್ನು ಸೇರಿಸಿ ಕರೆದು, ‘ಉಸ್ತೇದ್’ ಎಂದೇ ಮಾತನಾಡಿಸುತ್ತಿದ್ದಳು. ಹಾಗೆ ಕರೆಯಿಸಿಕೊಂಡ ಮುದುಕಿಯು ಮಗಳ ವಿಷಯವನ್ನೆಲ್ಲ ಮನಸ್ಸು ಬಿಚ್ಚಿ ಹೇಳುವಳು. ನಾವು ಇಂಗ್ಲಿಷಿನಲ್ಲಿ ಕೇಳಿದರೆ ಅದೇ ಮುದುಕಿ ತಿಳಿಯದಿದ್ದರೂ ತಲೆಯಾಡಿಸಿ ಹೌದೆನ್ನುವಳು. ದಾದಿಗೆ ಎದುರಾಡಬಾರದೆಂಬ ಮರ್ಯಾದೆ ಅವಳಿಗೆ. ನಾವು ಆ ತಲೆಯಾಡಿಸುವಿಕೆಯನ್ನು ಒಪ್ಪಿಗೆಯೆಂದು ಬರೆದುಕೊಳ್ಳುತ್ತಿದ್ದೆವು.

ಇನ್ನೊಂದು ಸಂಗತಿಯು ನನ್ನನ್ನು ಹೆಚ್ಚು ಚುಚ್ಚಿತು. ಮೆಕ್ಸಿಕೊ ಮೂಲದ ಅನೇಕ ಮನೆಗಳಲ್ಲಿ ಹೆರಿಗೆಯಾದ ಹೆಂಗಸನ್ನು ನಲವತ್ತು ದಿನ ಆರೈಕೆಯಲ್ಲಿಡುವರು. ‘ಕ್ವಾರೆಂತೇನಾ’ ಎಂದು ಅದರ ಹೆಸರು. ತಣ್ಣೀರು ಕೂಡದು, ಗಾಳಿ ಸೋಕಕೂಡದು, ತಲೆಯನ್ನೂ ಬೆನ್ನನ್ನೂ ಬೆಚ್ಚಗೆ ಇಡಬೇಕು. ನಮ್ಮ ಬಾಣಂತನವನ್ನು ಬಲ್ಲ ಯಾವ ತಾಯಿಗೆ ಇದನ್ನು ವಿವರಿಸಬೇಕು! ಆ ಆಸ್ಪತ್ರೆಯಲ್ಲಾದರೋ ಹೆರಿಗೆಯಾದೊಡನೆ ಮಂಜುಗಡ್ಡೆ ಹಾಕಿದ ನೀರನ್ನು ತಂದಿಡುವುದು ವಾಡಿಕೆ. ಹುಡುಗಿಯೊಬ್ಬಳು ಅದನ್ನು ಮುಟ್ಟಲಿಲ್ಲ. ಜೊತೆಯ ದಾದಿಯು ಅವಳ ವರದಿಯಲ್ಲಿ ‘ಸಹಕರಿಸುತ್ತಿಲ್ಲ’ ಎಂದು ಬರೆದಳು. ಅವಳು ಏಕೆ ಕುಡಿಯಲಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ತಾಯಿ ನನಗೆ ಅದನ್ನೇ ವಿಧಿಸಿದ್ದಳು. ಹೇಳಿದರೆ ನಾನೂ ಹಳ್ಳಿಯವಳೆಂದು ಕಾಣಿಸಿಕೊಂಡೇನೆಂದು ಬಾಯಿ ಮುಚ್ಚಿಕೊಂಡಿದ್ದೆನು. ಆ ಸೋದರಿಯು ಮಾತಿಲ್ಲದೆ ಗಾಜಿನ ಲೋಟವನ್ನು ಎತ್ತಿಕೊಂಡು ಹೋಗಿ ಬಿಸಿನೀರು ತಂದಿಟ್ಟಳು. ಅಂದಿನಿಂದ ರಾತ್ರಿಯ ಪಾಳಿಯಲ್ಲಿ ಬಾಣಂತಿಯರಿಗೆ ಬಿಸಿನೀರು ಒಯ್ಯುವುದು ಅವಳ ನಿತ್ಯದ ಕೆಲಸವಾಯಿತು.

ಆ ಬಿಸಿನೀರಿನಿಂದಲೇ ಒಂದು ಪ್ರಾಣ ಉಳಿಯಿತು. ಅದೊಂದು ರಾತ್ರಿ ನನ್ನ ಪಾಲಿನಲ್ಲಿ, ಹಿಂದಿನ ದಿನ ಗಂಡುಮಗುವನ್ನು ಹೆತ್ತ ಹೆಂಗಸೊಬ್ಬಳಿದ್ದಳು. ಹತ್ತು ಗಂಟೆಗೆ ಅಳೆದಾಗ ರಕ್ತದ ಒತ್ತಡವು ಸ್ವಲ್ಪ ಏರಿತ್ತು, ಆಯಾಸವಿರಬೇಕೆಂದುಕೊಂಡೆನು. ದುಭಾಷಿಯನ್ನು ದೂರವಾಣಿಯಲ್ಲಿ ಕರೆಯುವ ಏರ್ಪಾಡಿತ್ತು. ಒಂದೆರಡು ಪ್ರಶ್ನೆಗಳಿಗಾಗಿ ಅಷ್ಟು ಹೊತ್ತು ಕಾಯುವುದೇಕೆಂದು ನಾನು ಇಂಗ್ಲಿಷಿನಲ್ಲಿಯೇ ಕೇಳಿದೆನು. ಅವಳು ಹಣೆಯ ಮೇಲೆ ಕೈಯಿಟ್ಟುಕೊಂಡೇ ‘ಓಕೆ, ಓಕೆ’ ಎಂದಳು. ‘ತೊಂದರೆಯಿಲ್ಲವೆನ್ನುತ್ತಾಳೆ’ ಎಂದು ಬರೆದು ನಾನು ಹೊರಗೆ ಬಂದೆನು. ಮಧ್ಯರಾತ್ರಿಯ ಹೊತ್ತಿಗೆ ಬಿಸಿನೀರು ತಂದ ಆ ಸೋದರಿಯು ಬಾಗಿಲಲ್ಲಿ ನಿಂತು ಅವಳನ್ನು ನೋಡಿದಳು. ಬಳಿಕ ನನ್ನನ್ನು ನೋಡಿದಳು. ಕಟ್ಟಳೆಯನ್ನು ಮಾಡಿಸಿದವಳು ನಾನೆಂದು ಅವಳಿಗೆ ತಿಳಿದಿತ್ತು. ಆದರೂ ಹಾಸಿಗೆಯ ಬಳಿಗೆ ಹೋಗಿ ಬಾಗಿ ಸ್ಪ್ಯಾನಿಷಿನಲ್ಲಿ ಕೇಳಿದಳು. ಆ ಹೆಂಗಸು ಅಳುತ್ತ ಒಂದೇ ಉಸಿರಿನಲ್ಲಿ ಹೇಳತೊಡಗಿದಳು: ಸಂಜೆಯಿಂದ ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಬೆಳಕಿನ ಕಿಡಿಗಳು ಹಾರುತ್ತಿವೆ, ದಾದಿಗೆ ತೊಂದರೆ ಕೊಡಬಾರದೆಂದು ಸುಮ್ಮನಿದ್ದೆ.

ದಾದಿಯಾದವಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರ್ಭನಂಜು ಹೆರಿಗೆಯಾದ ಮೇಲೂ ಬರಬಹುದು. ತಲೆನೋವು, ಕಣ್ಣಿನಲ್ಲಿ ಮಿಂಚು, ಏರಿದ ರಕ್ತದ ಒತ್ತಡ ಇವು ಅದರ ಮುನ್ಸೂಚನೆಗಳು. ಅಲಕ್ಷಿಸಿದರೆ ಸೆಳವು ಬಂದು ತಾಯಿಯ ಪ್ರಾಣವೇ ಹೋಗಬಹುದು. ನಡುಗುವ ಕೈಯಿಂದ ಮತ್ತೆ ಅಳೆದಾಗ ಒತ್ತಡವು 170ನ್ನು ದಾಟಿತ್ತು. ವೈದ್ಯರು ಓಡಿ ಬಂದರು. ಸೆಳವನ್ನು ತಡೆಯಲು ಮೆಗ್ನೀಸಿಯಂ ಸಲ್ಫೇಟನ್ನೂ, ಒತ್ತಡವನ್ನು ಇಳಿಸುವ ಔಷಧಿಯನ್ನೂ ರಕ್ತನಾಳದ ಮೂಲಕ ಕೊಟ್ಟರು. ಬೆಳಗಾಗುವ ತನಕ ನಾವಿಬ್ಬರೂ ಆ ಹಾಸಿಗೆಯ ಎರಡು ಬದಿಗಳಲ್ಲಿ ನಿಂತಿದ್ದೆವು. ಅವಳು ಸ್ಪ್ಯಾನಿಷಿನಲ್ಲಿ ಧೈರ್ಯ ಹೇಳುತ್ತಲೇ ಇದ್ದಳು. ಆ ರಾತ್ರಿ ಅದನ್ನು ತಡೆಯಲು ಯಾರೂ ಬರಲಿಲ್ಲ. ಕೆಲವು ದಿನಗಳ ಮೇಲೆ ತಾಯಿಯೂ ಮಗುವೂ ಕ್ಷೇಮವಾಗಿ ಮನೆಗೆ ಹೋದರು.

ಬೆಳಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಅವಳ ಮುಂದೆ ನಿಂತು ನಡೆದುದೆಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಬೇಡಿದೆನು. ಅವಳು ಕೂಡಲೇ ಕ್ಷಮಿಸಲಿಲ್ಲ. “ಅಂದು ನಾವು ನಕ್ಕದ್ದು ಆ ಮುದುಕಿಯ ಮೊಮ್ಮಗನ ತುಂಟತನಕ್ಕೆ. ನಿಮಗೆ ತಿಳಿಯಲಿಕ್ಕಿಲ್ಲವೆಂದು ನೀವು ಬಂದಾಗ ಮಾತು ನಿಲ್ಲಿಸಿದೆವು. ನೀವು ಕೇಳಿದ್ದರೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆವು” ಎಂದಳು. ಆಮೇಲೆ ಬೆಂಚಿನ ಮೇಲೆ ಕುಳಿತು ತನ್ನ ತಂದೆಯ ಕಥೆಯನ್ನು ಹೇಳಿದಳು. ಅವರು ಚಿಕ್ಕಂದಿನಲ್ಲಿ ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಏಟು ತಿಂದವರು. ಆ ಏಟು ತನ್ನ ಮಕ್ಕಳಿಗೆ ಬೀಳಬಾರದೆಂದು ಮನೆಯಲ್ಲಿ ಇಂಗ್ಲಿಷನ್ನೇ ಆಡಿದರು. ಇವಳು ಸ್ಪ್ಯಾನಿಷ್ ಕಲಿತದ್ದು ಅಜ್ಜಿಯಿಂದ, ತಂದೆಯು ಮನೆಯಲ್ಲಿಲ್ಲದ ವೇಳೆಯಲ್ಲಿ. “ಇಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಾ ಎಂದರೆ ಹೇಗೆ ಬರಲಿ?” ಎಂದಳು.

ಇದು ಅವಳೊಬ್ಬಳ ತಂದೆಯ ಕಥೆಯಲ್ಲ. ಟೆಕ್ಸಾಸಿನ ಪಶ್ಚಿಮಭಾಗದ ಮಾರ್ಫಾ ಎಂಬ ಊರಿನಲ್ಲಿ ಬ್ಲ್ಯಾಕ್‌ವೆಲ್ ಶಾಲೆಯೆಂಬುದೊಂದಿತ್ತು. 1909ರಿಂದ 1965ರ ವರೆಗೆ ಮೆಕ್ಸಿಕೊ ಮೂಲದ ಮಕ್ಕಳು ಅಲ್ಲಿ ಬೇರೆಯಾಗಿ ಓದುತ್ತಿದ್ದರು. 1954ರಲ್ಲಿ ಆ ಮಕ್ಕಳಿಂದ ಕಾಗದದ ಚೂರುಗಳ ಮೇಲೆ ಬರೆಯಿಸಿ, ಅವನ್ನು ಪೆಟ್ಟಿಗೆಯಲ್ಲಿಟ್ಟು, ‘ಶ್ರೀಮಾನ್ ಸ್ಪ್ಯಾನಿಷ್’ ಎಂಬುವನು ಸತ್ತನೆಂದು ಹೇಳಿ ಧ್ವಜಸ್ತಂಭದ ಬಳಿ ಹೂಳಿಸಿದರು. ತಾಯಿಯು ಜೋಗುಳ ಹಾಡಿದ ಭಾಷೆಗೆ ಮಕ್ಕಳ ಕೈಯಿಂದಲೇ ಶವಸಂಸ್ಕಾರ! ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಮುದುಕರಾದ ಮೇಲೆ 2007ರಲ್ಲಿ ಒಟ್ಟುಗೂಡಿ, ಸ್ಪ್ಯಾನಿಷ್ ನಿಘಂಟೊಂದನ್ನು ಮಣ್ಣಿನಿಂದ ಮೇಲಕ್ಕೆತ್ತಿ ಆ ಹೂಳಿಕೆಯನ್ನು ರದ್ದುಮಾಡಿದರು. ಆ ಕಟ್ಟಡವನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವನ್ನಾಗಿ ಕಾಪಾಡಬೇಕೆಂಬ ಶಾಸನಕ್ಕೆ 2022ರಲ್ಲಿ ಅಧ್ಯಕ್ಷರ ಸಹಿಯಾಯಿತು. ಈ ಸುದ್ದಿಯನ್ನು ಆ ಸೋದರಿಯೇ ನನಗೆ ಪತ್ರದಲ್ಲಿ ಬರೆದಳು. ಹಳೆಯ ವಿದ್ಯಾರ್ಥಿಗಳ ಕೂಟವೆಂದರೆ ಚಹವೂ ಭಾಷಣವೂ ಮಾತ್ರವೆಂದು ತಿಳಿದಿದ್ದ ನನಗೆ ಅದನ್ನು ಓದಿ ಕಣ್ಣು ತುಂಬಿ ಬಂದಿತು.

ಆ ಬೆಳಗ್ಗೆ ನಾನು ಮೇಲ್ವಿಚಾರಕಿಯ ಬಳಿಗೆ ಹೋಗಿ ನನ್ನ ದೂರನ್ನು ಹಿಂದೆಗೆದುಕೊಂಡು, ರಾತ್ರಿಯ ವಿವರವನ್ನೂ ನನ್ನ ಅಲಕ್ಷ್ಯವನ್ನೂ ಬರವಣಿಗೆಯಲ್ಲಿ ಕೊಟ್ಟೆನು. ಎಚ್ಚರಿಕೆಯ ಪತ್ರವೊಂದು ನನಗೆ ಬಂದಿತು, ಅದು ನ್ಯಾಯವೇ. ಕಟ್ಟಳೆಯು ಒಂದು ತಿಂಗಳೊಳಗೆ ಮರೆತುಹೋಯಿತು. ಆದರೆ ಮತ್ತೊಂದು ತೊಡಕು ಹುಟ್ಟಿತು. ನಿನ್ನೆಯವರೆಗೆ ಸ್ಪ್ಯಾನಿಷ್ ಬೇಡವೆಂದವರು ಈಗ ಎಲ್ಲದಕ್ಕೂ ಅವಳನ್ನೇ ಕರೆಯತೊಡಗಿದರು. ತನ್ನ ಪಾಲಿನ ರೋಗಿಗಳನ್ನು ಬಿಟ್ಟು ಅವಳು ಮೂರು ವಾರ್ಡುಗಳಿಗೆ ಓಡಬೇಕಾಯಿತು. ಅದಕ್ಕೆ ಸಂಬಳವೂ ಇಲ್ಲ, ಶಿಕ್ಷಣವೂ ಇಲ್ಲ. ಮನೆಮಾತನ್ನು ಬಲ್ಲವರೆಲ್ಲ ದುಭಾಷಿಗಳಾಗಲಾರರು. 1980ರಲ್ಲಿ ಫ್ಲಾರಿಡಾದಲ್ಲಿ ತರುಣನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ತಿಂದದ್ದು ವಿಷವಾಗಿದೆಯೆಂಬ ಅರ್ಥದಲ್ಲಿ ಮನೆಯವರು ‘ಇಂತೊಕ್ಸಿಕಾದೊ’ ಎಂದರು. ಇಂಗ್ಲಿಷಿನಲ್ಲಿ ಅದಕ್ಕೆ ಹೋಲುವ ಮಾತಿನ ಅರ್ಥ ಅಮಲೇರಿದವನೆಂದು. ಮಾದಕದ್ರವ್ಯ ಸೇವಿಸಿದ್ದಾನೆಂದು ತಿಳಿದು ವೈದ್ಯರು ಚಿಕಿತ್ಸೆ ನಡೆಸಿದರು. ಮಿದುಳಿನ ರಕ್ತಸ್ರಾವವು ಸಕಾಲದಲ್ಲಿ ಗೊತ್ತಾಗದೆ ಅವನ ಕೈಕಾಲುಗಳು ಶಾಶ್ವತವಾಗಿ ಬಿದ್ದುಹೋದವು. ಇದನ್ನು ಎತ್ತಿ ತೋರಿಸಿ ಆ ಸೋದರಿಯು, ದುಭಾಷಿಯ ಕೆಲಸಕ್ಕೆ ಪರೀಕ್ಷೆ ನಡೆಯಬೇಕು, ತೇರ್ಗಡೆಯಾದವರಿಗೆ ಹೆಚ್ಚಿನ ವೇತನ ಸಲ್ಲಬೇಕು ಎಂದು ಬರೆದುಕೊಂಡಳು. ಎರಡು ವರ್ಷಗಳ ಮೇಲೆ ಅದು ನಡೆಯಿತು. ಆ ಸಮಯದಲ್ಲಿ ದೊರೆತ ಹೊಸ ಬಿಲ್ಲೆಯಲ್ಲಿ ಅವಳ ಪೂರ್ಣ ಹೆಸರಿತ್ತು, ತಾಯಿಯ ಮನೆತನದ್ದೂ ಸೇರಿ. ಅದನ್ನು ಕಂಡ ದಿನ ನಾನೂ ಕಚೇರಿಗೆ ಹೋಗಿ ನನ್ನ ಹೆಸರನ್ನು ತಂದೆತಾಯಿಗಳು ಇಟ್ಟಂತೆ ಬರೆಯಿಸಿದೆನು.

ಹೀಗೆ ಮಾಡಿದರೆ ಉದ್ಯೋಗದಲ್ಲಿ ಮುಂದೆ ಬರಲಾರೆವೆಂದು ಹೆದರುವ ತಂದೆತಾಯಿಗಳಿಗೆ ಒಂದು ಮಾತು. ಸೋನಿಯಾ ಸೊಟೊಮಾಯೋರ್ ಎಂಬವರು 1954ರಲ್ಲಿ ನ್ಯೂಯಾರ್ಕಿನಲ್ಲಿ ಪೋರ್ಟೊರಿಕೊ ಮೂಲದ ಬಡಕುಟುಂಬದಲ್ಲಿ ಹುಟ್ಟಿದರು, ತಾಯಿಯು ದಾದಿ. ತಮ್ಮ ಜನರ ಹೆಸರನ್ನಾಗಲಿ ಭಾಷೆಯನ್ನಾಗಲಿ ಅವರು ಮರೆಮಾಚಲಿಲ್ಲ. 2009ರಲ್ಲಿ ಅವರು ಆ ರಾಷ್ಟ್ರದ ಪರಮೋಚ್ಚ ನ್ಯಾಯಾಲಯದ ಪೀಠವನ್ನೇರಿದರು. ಆದರೆ ದಾರಿಯು ಸುಗಮವಾಗಿದೆಯೆಂದು ನಾನು ಹೇಳಲಾರೆ. 2025ರ ಮಾರ್ಚಿಯಲ್ಲಿ ಅಧ್ಯಕ್ಷರ ಆಜ್ಞೆಯೊಂದು ಇಂಗ್ಲಿಷನ್ನು ಆ ದೇಶದ ಅಧಿಕೃತ ಭಾಷೆಯೆಂದು ಸಾರಿತು. ನೌಕರಿಗೆ ಹೋದವರು ಆ ನಾಡಿನ ಭಾಷೆಯನ್ನು ಚೆನ್ನಾಗಿ ಕಲಿಯಲೇಬೇಕು. ಆ ಸೋದರಿಯ ಇಂಗ್ಲಿಷು ನಮ್ಮೆಲ್ಲರ ಇಂಗ್ಲಿಷಿಗಿಂತ ಶುದ್ಧವಾಗಿತ್ತು. ಒಂದನ್ನು ಕಲಿಯುವುದಕ್ಕಾಗಿ ಇನ್ನೊಂದನ್ನು ಹೂಳಬೇಕಾಗಿಲ್ಲವೆಂಬುದೇ ನನ್ನ ಬಿನ್ನಹ.

ಶಾಲೆಯ ಪ್ರಾರ್ಥನಾಮಂದಿರದಲ್ಲಿ ಕೇಳಿದ ಎರಡು ಪ್ರಸಂಗಗಳು ಈಗ ನನಗೆ ಮೇಲಿಂದ ಮೇಲೆ ನೆನಪಾಗುತ್ತವೆ. ಮಹಾಯಾಜಕನ ಅಂಗಳದಲ್ಲಿ ಪೇತ್ರನು ಗಲಿಲಾಯದವನೆಂಬುದು ಅವನ ಮಾತಿನ ರೀತಿಯಿಂದಲೇ ಗೊತ್ತಾಯಿತು. ಅವನು ಹೆದರಿ, ಗುರುವನ್ನು ಅರಿಯೆನೆಂದನು. ಮೆಟ್ಟಿಲ ಕೆಳಗೆ ಪಿಸುಗುಟ್ಟಿದ ನನ್ನದೂ ಅದೇ ಭಯ. ಕೆಲವು ವಾರಗಳ ಬಳಿಕ ಪಂಚಾಶತ್ತಮ ದಿನದಲ್ಲಿ ಅದೇ ಪೇತ್ರನೂ ಅವನ ಜೊತೆಯವರೂ ಮಾತನಾಡಿದಾಗ, ನಾನಾ ದೇಶಗಳಿಂದ ನೆರೆದವರಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಹುಟ್ಟುಭಾಷೆಯಲ್ಲಿಯೇ ಕೇಳಿದನು. ಆ ಬಾಣಂತಿಯ ಹಾಸಿಗೆಯ ಬಳಿ ನಾನು ಕಂಡದ್ದು ಅದನ್ನೇ.

ಪ್ರಿಯ ಬಾಲಿಕೆಯರೆ, ನೀವು ಯಾವ ದೇಶದಲ್ಲಿ ಯಾವ ಕೆಲಸಕ್ಕೆ ಸೇರಿದರೂ, ತಾಯಿ ದೂರವಾಣಿಯಲ್ಲಿ ಕರೆದರೆ ನಿಂತಲ್ಲಿಯೇ ಕನ್ನಡದಲ್ಲಿ ಉತ್ತರ ಕೊಡಿರಿ. ಪಕ್ಕದಲ್ಲಿ ಇನ್ನೊಬ್ಬಳು ತನ್ನ ಭಾಷೆಯಲ್ಲಿ ನಗುತ್ತಿದ್ದರೆ ಹತ್ತಿರ ಹೋಗಿ, ಏನು ಸಮಾಚಾರವೆಂದು ಕೇಳಿರಿ. ನಾನು ಅಂದು ಕೇಳದೆ ಹೋದೆನು. ದೇವರು ನಿಮ್ಮೆಲ್ಲರನ್ನೂ ಕಾಪಾಡಲಿ.

ನಿಮ್ಮ ಸೋದರಿ,
ಒಬ್ಬ ಹಳೆಯ ವಿದ್ಯಾರ್ಥಿನಿ